ಕ್ಯೂ ತೋಟದ 50 ಪೆನ್ಸ್: ಚಿಲ್ಲರೆಯಲ್ಲಿ ಓಡಾಡಿದ ನಾಣ್ಯ ಅಪರೂಪವಾದದ್ದು ಹೇಗೆ? ಲಾಲ್‌ಬಾಗಿಗೂ ಅದಕ್ಕೂ ಏನು ನಂಟು?

ಮಲ್ಲೇಶ್ವರದ ನಾಣ್ಯಪ್ರಿಯ:

ಎಲ್ಲರಿಗೂ ನಮಸ್ಕಾರ. "ವೈಷ್ಣೋದೇವಿ ಚಿತ್ರ ಇರುವ ನಾಣ್ಯಕ್ಕೆ ಹತ್ತು ಲಕ್ಷ ಕೊಡುತ್ತಾರಂತೆ, ನಿಜಾನಾ?" ಎಂದು ಇಲ್ಲಿ ಪದೇ ಪದೇ ಪ್ರಶ್ನೆ ಬರುತ್ತಿದೆ. ನಿಜ ಅಲ್ಲ. ಆ ನಾಣ್ಯಗಳು 2012ರಲ್ಲಿ ಬಂದವು. 5 ಮತ್ತು 10 ರೂಪಾಯಿಯವು ಎಷ್ಟೋ ಜನರ ಕೈಗೆ ಚಿಲ್ಲರೆಯಾಗಿಯೇ ಸಿಕ್ಕಿವೆ. ಹಾಗಾದರೆ ಒಂದು ನಾಣ್ಯ ನಿಜಕ್ಕೂ ಅಪರೂಪ ಆಗುವುದು ಹೇಗೆ? ಅದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ನಾಣ್ಯದ ಕಥೆ ಹೇಳುತ್ತೇನೆ.

ಅದು ಬ್ರಿಟನ್ನಿನ 50 ಪೆನ್ಸ್ ನಾಣ್ಯ, 2009ನೇ ಇಸವಿಯದು. ಲಂಡನ್ನಿನ ಕ್ಯೂ ಸಸ್ಯತೋಟಕ್ಕೆ 250 ವರ್ಷ ತುಂಬಿದ ನೆನಪಿಗೆ ಹೊರಡಿಸಿದ್ದು. ಚಲಾವಣೆಗೆ ಬಿಟ್ಟದ್ದು ಬರೀ 2,10,000. ಆರು ಕೋಟಿಗೂ ಹೆಚ್ಚು ಜನ ಇರುವ ದೇಶಕ್ಕೆ ಇದು ಏನೇನೂ ಅಲ್ಲ. ಸಂಗ್ರಹಕಾರರಿಗೆಂದು ಬೇರೆ ಪೊಟ್ಟಣಗಳಲ್ಲಿ ಮಾರಿದವು, ಬೆಳ್ಳಿ ಮತ್ತು ಚಿನ್ನದಲ್ಲಿ ಅಚ್ಚಾದವು ಈ ಲೆಕ್ಕಕ್ಕೆ ಸೇರುವುದಿಲ್ಲ.

ನಾಣ್ಯದ ಒಂದು ಕಡೆ ರಾಣಿ ಎಲಿಜಬೆತ್. ಇನ್ನೊಂದು ಕಡೆ ಕ್ಯೂ ತೋಟದ ಪಗೋಡ, ಅಂದರೆ ಚೀನೀ ಮಾದರಿಯ ಗೋಪುರ. ಎಲೆಬಳ್ಳಿಯೊಂದು ಅದನ್ನು ಸುತ್ತಿಕೊಂಡು ಮೇಲೆ ಹತ್ತುತ್ತದೆ. ಅಕ್ಕಪಕ್ಕ 1759 ಮತ್ತು 2009, ಕೆಳಗೆ "ಕ್ಯೂ" ಎಂಬ ಹೆಸರು. ಅಷ್ಟೇ. ಇದನ್ನು ಬಿಡಿಸಿದವರು ಕ್ರಿಸ್ಟೋಫರ್ ಲ ಬ್ರನ್ ಎಂಬ ಕಲಾವಿದರು. ಮುಂದೆ 2011ರಲ್ಲಿ ಅವರು ಅಲ್ಲಿನ ರಾಯಲ್ ಅಕಾಡೆಮಿಯ ಅಧ್ಯಕ್ಷರಾದರು. ಕಟ್ಟಡ ಮತ್ತು ಗಿಡ ಎರಡನ್ನೂ ಅಂಗೈಗಿಂತ ಎಷ್ಟೋ ಚಿಕ್ಕ ಜಾಗದಲ್ಲಿ ಒಂದಕ್ಕೊಂದು ಹೆಣೆದಿದ್ದಾರಲ್ಲ, ನನಗೆ ಅದು ಬಹಳ ಚೆಂದ ಅನಿಸುತ್ತದೆ.

ಆ ಗೋಪುರದ ಕಥೆಯೂ ಕೇಳುವಂಥದ್ದು. ಕಟ್ಟಿದವರು ವಿಲಿಯಂ ಚೇಂಬರ್ಸ್. ಹುಡುಗನಾಗಿದ್ದಾಗಲೇ ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿ ಚೀನಾಕ್ಕೆ ಹೋಗಿ ಬಂದವರು. ಅಲ್ಲಿ ಕಂಡ ಕಟ್ಟಡಗಳ ಗುಂಗಿನಲ್ಲಿ ರಾಜಕುಮಾರಿ ಅಗಸ್ಟಾ ಅವರ ತೋಟದಲ್ಲಿ 1762ರಲ್ಲಿ ಈ ಗೋಪುರ ಎಬ್ಬಿಸಿದರು. ಹತ್ತು ಅಂತಸ್ತು, ಹತ್ತಿರ ಹತ್ತಿರ 50 ಮೀಟರ್ ಎತ್ತರ, 253 ಮೆಟ್ಟಿಲು. ಸೂರಿನ ಮೂಲೆಮೂಲೆಗೆ ಬಣ್ಣ ಬಳಿದ ಮರದ ಡ್ರ್ಯಾಗನ್‌ಗಳಿದ್ದವು. ಒಟ್ಟು 80. ಚಾವಣಿ ರಿಪೇರಿಗೆಂದು 1784ರಲ್ಲಿ ಅವನ್ನು ಇಳಿಸಿದರು. ಆಮೇಲೆ ಇನ್ನೂರಕ್ಕೂ ಹೆಚ್ಚು ವರ್ಷ ಅವು ವಾಪಸ್ ಬರಲೇ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಂತಸ್ತಿನಿಂದ ಅಂತಸ್ತಿಗೆ ನೆಲ ಕೊರೆದು, ಮೇಲಿನಿಂದ ಮಾದರಿ ಬಾಂಬುಗಳನ್ನು ಬೀಳಿಸಿ ಪರೀಕ್ಷೆ ಮಾಡಿದ್ದೂ ಉಂಟು. ಕೊನೆಗೆ 2018ರಲ್ಲಿ ಡ್ರ್ಯಾಗನ್‌ಗಳನ್ನು ಹೊಸದಾಗಿ ಮಾಡಿ ಕೂರಿಸಿದರು. ಕೆಳಗಿನ ಎಂಟು ಮರದ ಕೆತ್ತನೆ, ಉಳಿದ 72 ತ್ರೀಡಿ ಪ್ರಿಂಟರಿನಲ್ಲಿ ತೆಗೆದವು. ಹಾಗಾಗಿ ನಮ್ಮ ನಾಣ್ಯ ಬಂದ 2009ರಲ್ಲಿ ಆ ಗೋಪುರದ ಮೇಲೆ ಒಂದೂ ಡ್ರ್ಯಾಗನ್ ಇರಲಿಲ್ಲ.

ಈಗ ಮುಖ್ಯ ವಿಷಯ. 2009ರಿಂದ ಐದು ವರ್ಷ ಈ ನಾಣ್ಯವನ್ನು ಯಾರೂ ವಿಶೇಷವಾಗಿ ನೋಡಲಿಲ್ಲ. ಜನ ಅದರಲ್ಲಿ ಹಾಲು ಕೊಂಡರು, ಪಾರ್ಕಿಂಗ್ ಯಂತ್ರಕ್ಕೆ ಹಾಕಿದರು. ಚಲಾವಣೆಯಲ್ಲಿರುವ ನಾಣ್ಯಗಳಲ್ಲಿ ಇದೇ ಅತಿ ಕಡಿಮೆ ಎಂದು 2014ರಲ್ಲಿ ಅಲ್ಲಿನ ಟಂಕಸಾಲೆ, ರಾಯಲ್ ಮಿಂಟ್, ಲೆಕ್ಕ ಸಮೇತ ಹೇಳಿತು. ಆಮೇಲೆ ಇಡೀ ದೇಶ ತನ್ನ ಚಿಲ್ಲರೆ ಡಬ್ಬಿ ಮಗುಚಿ ನೋಡಿತು. ನಾಣ್ಯದಲ್ಲಿ ಏನೂ ಬದಲಾಗಿರಲಿಲ್ಲ. ಗೊತ್ತಾಯಿತು, ಅಷ್ಟೇ.

ಸಸ್ಯಸಖಿ, ಜಯನಗರ:

ಸಾರ್, ನಾಣ್ಯಗಳ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ. ಆದರೆ ಕ್ಯೂ ಅಂದ ತಕ್ಷಣ ಸುಮ್ನೆ ಇರಲು ಆಗಲಿಲ್ಲ. ಬೆಂಗಳೂರಿನವರಿಗೆ ಅದು ದೂರದ ತೋಟ ಅಲ್ಲವೇ ಅಲ್ಲ.

ಕ್ಯೂ ಸಸ್ಯತೋಟ 1759ರಲ್ಲಿ ಶುರು. ಹೈದರಾಲಿ ಲಾಲ್‌ಬಾಗ್ ಶುರು ಮಾಡಿದ್ದು 1760ರಲ್ಲಿ. ಒಂದೇ ಒಂದು ವರ್ಷದ ಅಂತರ! ಚೇಂಬರ್ಸ್ ಅಲ್ಲಿ ಗೋಪುರ ಕಟ್ಟಿಸುತ್ತಿದ್ದ ಹೊತ್ತಿನಲ್ಲೇ ಇಲ್ಲಿ ಹೈದರ್ ತೋಟ ಎದ್ದೇಳುತ್ತಿತ್ತು. ಆಮೇಲೆ ಟಿಪ್ಪು ಬೇರೆ ಬೇರೆ ದೇಶಗಳಿಂದ ಗಿಡ, ಬೀಜ ತರಿಸಿದ.

ಇನ್ನೂ ಇದೆ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯತೋಟ ಆಯಿತು. ನೋಡಿಕೊಳ್ಳಲು 1858ರಲ್ಲಿ ಬಂದ ವಿಲಿಯಂ ನ್ಯೂ ಕ್ಯೂನಿಂದ ಬಂದವರು. ಅವರ ನಂತರ 1874ರಲ್ಲಿ ಬಂದ ಜಾನ್ ಕ್ಯಾಮೆರಾನ್ ಕೂಡ ಕ್ಯೂನಲ್ಲೇ ಪಳಗಿದವರು. ಗಾಜಿನ ಮನೆ ಎದ್ದದ್ದು ಇವರ ಕಾಲದಲ್ಲಿ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಹಾಕಿದರು. ಸೀಮೆಬದನೆಕಾಯಿಯನ್ನು ನಮ್ಮ ಕಡೆ ರೂಢಿಗೆ ತಂದವರು ಎಂದೂ ಕ್ಯಾಮೆರಾನ್ ಅವರನ್ನು ನೆನೆಯುತ್ತಾರೆ. ಮುಂದೆ 1908ರಲ್ಲಿ ಕ್ರುಂಬಿಗಲ್ ಬಂದರು. ಜರ್ಮನಿಯವರು, ಅವರೂ ಕ್ಯೂನಲ್ಲಿ ಕೆಲಸ ಮಾಡಿದವರು. ಬರೋಡಾದಲ್ಲಿದ್ದು ಮೈಸೂರು ಮಹಾರಾಜರ ಕಡೆಗೆ ಬಂದರು. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಜಾತಿ ಹೂ ಬಿಡುವಂತೆ ನಮ್ಮ ರಸ್ತೆಗಳಿಗೆ ಮರ ಆರಿಸಿದವರು ಅವರೇ. 1956ರಲ್ಲಿ ಇಲ್ಲೇ ತೀರಿಕೊಂಡರು, ಇಲ್ಲೇ ಮಣ್ಣಾದರು.

ಹಾಗಾಗಿ ಆ ನಾಣ್ಯದ ಮೇಲಿನ ಬಳ್ಳಿ ನೋಡಿದರೆ ನನಗೆ ನಮ್ಮವರದೇ ಫೋಟೋ ನೋಡಿದಂತೆ ಆಗುತ್ತದೆ. ಲಾಲ್‌ಬಾಗ್ ಹೆಸರಿನಲ್ಲೂ ಒಂದು ನಾಣ್ಯ ಬರಬೇಕು. ಯಾರಾದರೂ ಇದನ್ನು ಗಟ್ಟಿಯಾಗಿ ಕೇಳಬೇಕು.

ಪೇಟೆ ಹುಡುಗ:

ಅಣ್ಣ, ಎರಡು ಪ್ರಶ್ನೆ. ಇಷ್ಟು ಕಡಿಮೆ ಯಾಕೆ ಅಚ್ಚು ಹಾಕಿದರು? ಬೇಕೆಂದೇ ಕಡಿಮೆ ಮಾಡಿದ್ದಾ? ಮತ್ತೆ ಈಗ ಅದಕ್ಕೆ ಎಷ್ಟು ಬೆಲೆ?

ಮಲ್ಲೇಶ್ವರದ ನಾಣ್ಯಪ್ರಿಯ:

ಬೇಕೆಂದು ಮಾಡಿದ್ದಲ್ಲ ತಮ್ಮ. ಅಲ್ಲಿ ಚಲಾವಣೆ ನಾಣ್ಯಗಳನ್ನು ಬ್ಯಾಂಕು ಮತ್ತು ಅಂಚೆ ಕಚೇರಿಗಳ ಬೇಡಿಕೆ ನೋಡಿ ಅಚ್ಚು ಹಾಕುತ್ತಾರೆ. ಜನರ ಕೈಯಲ್ಲಿ ಹಳೆಯ 50 ಪೆನ್ಸ್ ಸಾಕಷ್ಟಿದ್ದರೆ ಹೊಸದು ಕಡಿಮೆ ಸಾಕು. ಆ ವರ್ಷದ ಪಾಲಿಗೆ ಈ ಚಿತ್ರ ಬಂತು. ಸಸ್ಯತೋಟದ ಬದಲು ಬೇರೆ ಏನೇ ಚಿತ್ರ ಇದ್ದಿದ್ದರೂ ಅದೇ ಅಪರೂಪ ಆಗುತ್ತಿತ್ತು.

ಬೆಲೆ ನಾಣ್ಯದ ಸ್ಥಿತಿಯ ಮೇಲೆ ಹೋಗುತ್ತದೆ. ಬಳಸಿದ ನಾಣ್ಯಕ್ಕೂ ನೂರು, ನೂರೈವತ್ತು ಪೌಂಡ್ ಆಸುಪಾಸು ಕೊಟ್ಟವರಿದ್ದಾರೆ. ಮುಖಬೆಲೆ ಅರ್ಧ ಪೌಂಡ್. ಆದರೆ ಯಾರೂ ಕೋಟಿ ಕೊಟ್ಟಿಲ್ಲ. ಒಂದು ದೇಶದ ಅತಿ ಅಪರೂಪದ ಚಲಾವಣೆ ನಾಣ್ಯಕ್ಕೇ ಇಷ್ಟು ಬೆಲೆ. ಇದನ್ನು ನೆನಪಿಟ್ಟುಕೊಂಡರೆ "ನಿಮ್ಮ ಹತ್ತು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ" ಅನ್ನುವ ವಿಡಿಯೊಗಳು ಎಷ್ಟು ಸುಳ್ಳು ಎಂದು ಗೊತ್ತಾಗುತ್ತದೆ.

ಗಣಿತದ ಮೇಷ್ಟ್ರು:

ಚಿತ್ರದ ಬಗ್ಗೆ ಎಲ್ಲರೂ ಹೇಳಿದಿರಿ. ಆಕಾರದ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ತರಗತಿಯಲ್ಲಿ ನಾನು ಹೆಚ್ಚು ಖುಷಿಯಿಂದ ಮಾಡುವ ಪಾಠ ಅದು.

50 ಪೆನ್ಸ್‌ಗೆ ಏಳು ಬದಿ. ಮೊದಲು ಬಂದದ್ದು 1969ರ ಅಕ್ಟೋಬರ್‌ನಲ್ಲಿ, ಹತ್ತು ಶಿಲಿಂಗ್ ನೋಟಿನ ಜಾಗಕ್ಕೆ. (ರೂಪಾಯಿಗೆ ನೂರು ಪೈಸೆ ಎಂಬ ದಶಮಾಂಶ ಲೆಕ್ಕಕ್ಕೆ ನಾವು 1957ರಲ್ಲೇ ಬಂದಿದ್ದೆವು. ಅವರು ಪೂರ್ತಿ ಬದಲಾದದ್ದು 1971ರಲ್ಲಿ.) ಆ ಏಳು ಬದಿಗಳು ನೇರವಾಗಿಲ್ಲ. ಪ್ರತಿ ಬದಿಯೂ ಎದುರಿನ ಮೂಲೆಯನ್ನು ಕೇಂದ್ರ ಮಾಡಿಕೊಂಡು ಎಳೆದ ಕಮಾನು. ಇದರಿಂದ ಏನಾಗುತ್ತದೆ ಅಂದರೆ, ನಾಣ್ಯವನ್ನು ಹೇಗೆ ತಿರುಗಿಸಿ ಅಳೆದರೂ ಅಗಲ ಒಂದೇ, 27.3 ಮಿಲಿಮೀಟರ್. ದುಂಡಗಿಲ್ಲದಿದ್ದರೂ ಯಂತ್ರದೊಳಗೆ ದುಂಡು ನಾಣ್ಯದ ಹಾಗೆ ಸಲೀಸಾಗಿ ಉರುಳುತ್ತದೆ.

ಇನ್ನೂ ಚೆಂದದ ವಿಷಯ: ಹೀಗೆ ಎಲ್ಲ ಕಡೆ ಒಂದೇ ಅಗಲ ಇರುವ ಯಾವ ಆಕಾರವಾದರೂ ಅದರ ಸುತ್ತಳತೆ ಅಷ್ಟೇ ಅಗಲದ ವೃತ್ತದ ಸುತ್ತಳತೆಗೆ ಸಮ. 27.3 ಅನ್ನು 3.1416ರಿಂದ ಗುಣಿಸಿ, ಸುಮಾರು 85.8 ಮಿಲಿಮೀಟರ್. ದಾರ ಸುತ್ತಿ ಅಳೆದರೆ ಅಷ್ಟೇ ಬರುತ್ತದೆ. ನಮ್ಮ 20 ರೂಪಾಯಿ ನಾಣ್ಯ 27 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಅದೇ ಗಾತ್ರ. ಆದರೆ ನಮ್ಮದಕ್ಕೆ ಹನ್ನೆರಡು ಬದಿ. ಎರಡನ್ನೂ ಪಕ್ಕಪಕ್ಕ ಇಟ್ಟು ಉರುಳಿಸಿ ನೋಡಿ.

ಬಸವನಗುಡಿಯ ಹಿರಿಯ:

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಆದರೆ "ಅತಿ ಅಪರೂಪ" ಅನ್ನುವ ಮಾತಿಗೆ ನನ್ನದೊಂದು ತಕರಾರಿದೆ. ಎಚ್ಚರದಿಂದ ಬಳಸಬೇಕಾದ ಮಾತು ಅದು.

ಬ್ರಿಟನ್ನಿನಲ್ಲೇ 1992-93 ಎಂದು ಎರಡು ಇಸವಿ ಒಟ್ಟಿಗೆ ಇರುವ 50 ಪೆನ್ಸ್ ಇದೆ. ಯುರೋಪಿಯನ್ ಸಮುದಾಯದ ಅಧ್ಯಕ್ಷತೆಯ ನೆನಪಿಗೆ ಬಂದದ್ದು. ಅಚ್ಚಾದದ್ದು 1,09,000. ಕ್ಯೂ ನಾಣ್ಯದ ಅರ್ಧದಷ್ಟು! ಆದರೂ ಅದಕ್ಕೆ ಆ ಹೆಸರು ಬರಲಿಲ್ಲ. ಕಾರಣ, ಅದು ಹಳೆಯ ದೊಡ್ಡ ಗಾತ್ರದ್ದು. 1997ರಲ್ಲಿ ಚಿಕ್ಕ ಗಾತ್ರದ 50 ಪೆನ್ಸ್ ಬಂತು, ಮರುವರ್ಷ ದೊಡ್ಡವನ್ನೆಲ್ಲ ವಾಪಸ್ ತೆಗೆದುಕೊಂಡರು. ಹಾಗಾಗಿ ಚಿಲ್ಲರೆಯಲ್ಲಿ ಅದು ಸಿಗುವ ಮಾತೇ ಇಲ್ಲ. ಕ್ಯೂ ನಾಣ್ಯದ ಹೆಸರಿನ ಹಿಂದೆ "ಚಲಾವಣೆಯಲ್ಲಿ" ಅನ್ನುವ ಮಾತು ಕೂಡಲೇಬೇಕು.

ನಮ್ಮಲ್ಲೂ ಇಂಥ ಪಾಠ ಇದೆ. 1911ರ ಐದನೇ ಜಾರ್ಜ್ ರೂಪಾಯಿ ನೋಡಿ. ದೊರೆಯ ನಿಲುವಂಗಿಯ ಮೇಲಿನ ಹಾರದಲ್ಲಿ ಒಂದು ಆನೆ ಇದೆ. ಸೊಂಡಿಲು ಚಿಕ್ಕದಾಗಿ ಬಂದು ಜನರಿಗೆ ಅದು ಹಂದಿಯಂತೆ ಕಂಡಿತು. ಹಿಂದೂಗಳಿಗೂ ಮುಸ್ಲಿಮರಿಗೂ ಬೇಸರವಾಯಿತು. ಹೊರಬಂದದ್ದು ಸ್ವಲ್ಪ, ಉಳಿದದ್ದನ್ನು ಸರ್ಕಾರ ಕರಗಿಸಿತು. 1912ರ ರೂಪಾಯಿಯಲ್ಲಿ ಆನೆಯನ್ನು ತಿದ್ದಿ ಬರೆದರು. ಅಲ್ಲಿ ಅಪರೂಪಕ್ಕೆ ಕಾರಣ ಜನರ ಕೋಪ, ಇಲ್ಲಿ ಬ್ಯಾಂಕಿನ ಬೇಡಿಕೆ. ಎರಡರಲ್ಲೂ ಲೆಕ್ಕಕ್ಕೆ ಬಂದದ್ದು ಎಷ್ಟು ಉಳಿಯಿತು ಅನ್ನುವುದು. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಕೋಟಿಗಟ್ಟಲೆ ಅಚ್ಚಾದ ಕಾಲಾಣೆಗಳು ಇವತ್ತಿಗೂ ಪ್ರದರ್ಶನಗಳಲ್ಲಿ ರಾಶಿ ಹಾಕಿಕೊಂಡು ಕೂತಿರುತ್ತಾರೆ.

ಸಸ್ಯಸಖಿ ಅವರೇ, ಲಾಲ್‌ಬಾಗ್ ನಾಣ್ಯದ ಆಸೆ ನನಗೂ ಇದೆ. ನಮ್ಮಲ್ಲಿ ಇದನ್ನು ತೀರ್ಮಾನ ಮಾಡುವುದು ಕೇಂದ್ರ ಹಣಕಾಸು ಸಚಿವಾಲಯ. 2011ರ ನಾಣ್ಯ ಕಾಯ್ದೆಯ ಪ್ರಕಾರ ಗೆಜೆಟ್‌ನಲ್ಲಿ ಪ್ರಕಟಣೆ ಬರಬೇಕು. ನಮ್ಮ ಬಸವಣ್ಣನವರ ಹೆಸರಿನಲ್ಲಿ 2006ರಲ್ಲಿ 5 ಮತ್ತು 100 ರೂಪಾಯಿ ನಾಣ್ಯಗಳು ಬಂದವಲ್ಲ, ಆಗ ನಾನು ಪಟ್ಟ ಸಂತೋಷ ಅಷ್ಟಿಷ್ಟಲ್ಲ. ಆದರೆ ಒಂದು ಮಾತು. ಬಂದರೆ 5 ರೂಪಾಯಿಯಲ್ಲೋ 10 ರೂಪಾಯಿಯಲ್ಲೋ ಬರಬೇಕು. 100, 150, 1000 ರೂಪಾಯಿಯ ಬೆಳ್ಳಿ ನಾಣ್ಯಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಗಾಂಧಿ ಬಜಾರಿನ ಹೂವಿನ ಅಂಗಡಿಯಲ್ಲಿ ಚಿಲ್ಲರೆಯಾಗಿ ಕೈಗೆ ಬಂದಾಗಲೇ ಅದು ಊರಿನ ನಾಣ್ಯ.

ಸಸ್ಯಸಖಿ, ಜಯನಗರ:

ಹೌದು ಸಾರ್, ನೂರಕ್ಕೆ ನೂರು ಒಪ್ಪುತ್ತೇನೆ. ಚಿತ್ರ ಯಾವುದಿರಬೇಕು? ಎಲ್ಲರೂ ಗಾಜಿನ ಮನೆ ಅನ್ನುತ್ತಾರೆ. ನನ್ನ ಆಯ್ಕೆ ಆ ದೊಡ್ಡ ಬೂರುಗದ ಮರ. ಅದರ ಬೇರು ನೆಲದ ಮೇಲೆ ಗೋಡೆಯ ಹಾಗೆ ಎದ್ದಿದೆಯಲ್ಲ, ನಾಣ್ಯದ ತುಂಬ ಅದೇ ಇರಲಿ.

ಪೇಟೆ ಹುಡುಗ:

ನನ್ನ ಮತ ಬಂಡೆಯ ಮೇಲಿನ ಕೆಂಪೇಗೌಡರ ಗೋಪುರಕ್ಕೆ. ಕ್ಯೂನಲ್ಲಿ ಗೋಪುರ ಇದ್ದರೆ ನಮ್ಮಲ್ಲೂ ಗೋಪುರ ಇದೆ. ಅದೂ ಅವರದಕ್ಕಿಂತ ಹಳೆಯದು.

ಮಲ್ಲೇಶ್ವರದ ನಾಣ್ಯಪ್ರಿಯ:

ಹಿರಿಯರ ತಿದ್ದುಪಡಿ ಸರಿಯಾಗಿದೆ. ಅದಕ್ಕೇ ಇನ್ನೊಂದು ಸೇರಿಸಬೇಕು: ಚಲಾವಣೆಯಲ್ಲೂ ಈಗ ಕ್ಯೂ ಮೊದಲ ಸ್ಥಾನದಲ್ಲಿಲ್ಲ. ಮೂರನೇ ಚಾರ್ಲ್ಸ್ ದೊರೆಯ ಕಾಲದ ಹೊಸ ನಾಣ್ಯಗಳಲ್ಲಿ 50 ಪೆನ್ಸ್ ಮೇಲೆ ಸಾಲ್ಮನ್ ಮೀನು ಇದೆ. ಅದರ ಲೆಕ್ಕ 2024ರ ಅಕ್ಟೋಬರ್‌ನಲ್ಲಿ ಹೊರಬಂತು. 2023ರ ಇಸವಿ ಇರುವವು 2,00,000. ಹತ್ತು ಸಾವಿರದ ಅಂತರದಲ್ಲಿ ಕ್ಯೂ ಎರಡನೆಯದಾಯಿತು.

ಹಾಗೆಂದು ಕ್ಯೂ ನಾಣ್ಯದ ಮೇಲಿನ ಪ್ರೀತಿ ಕಡಿಮೆ ಆಗಿಲ್ಲ. ಸಾಲ್ಮನ್ ಹೊರಬಂದ ಒಂದು ವರ್ಷದೊಳಗೇ ಎಲ್ಲರಿಗೂ ವಿಷಯ ಗೊತ್ತಿತ್ತು. ಸಿಕ್ಕವರು ತೆಗೆದಿಟ್ಟರು. ಕ್ಯೂ ಹಾಗಲ್ಲ. ಐದು ವರ್ಷ ಎಲ್ಲರ ಜೇಬಿನಲ್ಲೂ ಓಡಾಡಿ, ಸವೆದು, ಗೀರು ಬಿದ್ದ ಮೇಲೆ ಸುದ್ದಿಯಾಯಿತು. ಹೊಚ್ಚ ಹೊಸದಾಗಿ ಉಳಿದವು ಕಡಿಮೆ. ನನಗೆ ಆ ಗೀರುಗಳೇ ಇಷ್ಟ. ಸ್ಮರಣಾರ್ಥ ನಾಣ್ಯ ಜನರ ನಡುವೆ ಬದುಕಿತ್ತು ಅನ್ನುವುದಕ್ಕೆ ಅವೇ ಸಾಕ್ಷಿ.

ಹೊಸ ಸದಸ್ಯೆ, ರಾಜಾಜಿನಗರ:

ನಮಸ್ಕಾರ. ಓದಿ ತುಂಬಾ ಖುಷಿ ಆಯಿತು. ಅಕ್ಕ ಲೀಡ್ಸ್‌ನಿಂದ ಬರುವಾಗ ಮಗನಿಗೆ ಒಂದಷ್ಟು ಚಿಲ್ಲರೆ ತಂದಿದ್ದಳು. ಅದರಲ್ಲಿ 50 ಪೆನ್ಸ್ ಮೂರು ಇವೆ. ಒಂದರಲ್ಲಿ ಕೂತಿರುವ ಹೆಂಗಸು, ಒಂದರಲ್ಲಿ ಗುರಾಣಿಯ ತುಂಡು, ಇನ್ನೊಂದರಲ್ಲಿ ಫುಟ್‌ಬಾಲ್ ಮೈದಾನದ ನಕ್ಷೆ. ಗೋಪುರ ಇಲ್ಲ. ಅವುಗಳ ಫೋಟೋ ಒಂದು ಮಾರಾಟದ ಜಾಲತಾಣದಲ್ಲಿ ಹಾಕಿದ್ದೆ. ಮರುದಿನವೇ ಫೋನ್ ಬಂತು. "ಮೂರಕ್ಕೂ ಸೇರಿ ನಾಲ್ಕು ಲಕ್ಷ, ಆದರೆ ಮೊದಲು ರಿಸರ್ವ್ ಬ್ಯಾಂಕಿಗೆ ನೋಂದಣಿ ಶುಲ್ಕ ಕಟ್ಟಬೇಕು" ಎಂದರು. ಕಟ್ಟಬೇಕಾ?

ಬಸವನಗುಡಿಯ ಹಿರಿಯ:

ಖಂಡಿತ ಬೇಡ ತಾಯಿ. ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಳೆಯ ನೋಟು, ನಾಣ್ಯಗಳ ಮಾರಾಟಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ, ಯಾರಿಗೂ ಅಂಥ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಸಾರ್ವಜನಿಕರಿಗೆ ತಿಳಿಸಿದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಆ ನಂಬರಿನ ಮೇಲೆ ದೂರು ಕೊಡಿ. ನಿಮ್ಮ ಹಾಗೆ ಕೇಳದೆ ಹಣ ಕಳಿಸಿದವರು ಬಹಳ ಜನ ಇದ್ದಾರೆ. ಅವರಲ್ಲಿ ನಿವೃತ್ತಿ ಹಣ ಕಳೆದುಕೊಂಡವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಕ್ಯೂ ನಾಣ್ಯ ಕೊಳ್ಳಲು ಹೊರಟವರಿಗೂ ಒಂದು ಮಾತು. ನಕಲಿ ಬಹಳ ಓಡಾಡುತ್ತಿವೆ. ಅಸಲಿ ನಾಣ್ಯ 8 ಗ್ರಾಂ ತೂಗುತ್ತದೆ, ಒಂದು ಸವರನ್ ತೂಕ. ನಗರ್ತಪೇಟೆಯ ಯಾವ ಚಿನ್ನದ ಅಂಗಡಿಯ ತಕ್ಕಡಿಯಲ್ಲಾದರೂ ನೋಡಬಹುದು. ತಾಮ್ರ ಮತ್ತು ನಿಕಲ್ ಮಿಶ್ರ ಲೋಹ, ಅಯಸ್ಕಾಂತಕ್ಕೆ ಅಂಟಬಾರದು. ಭೂತಗನ್ನಡಿ ಹಿಡಿದು ಗೋಪುರದ ಅಂತಸ್ತುಗಳನ್ನು, ಎಲೆಗಳ ಅಂಚನ್ನು ನೋಡಿ. ನಕಲಿಯಲ್ಲಿ ಅವು ಮಸುಕಾಗಿ, ಕರಗಿದ ಹಾಗೆ ಇರುತ್ತವೆ.

ಇನ್ನೊಂದು ಗೊಂದಲವೂ ಉಂಟು. 50 ಪೆನ್ಸ್‌ಗೆ ಐವತ್ತು ವರ್ಷ ಆದಾಗ, 2019ರಲ್ಲಿ, ಇದೇ ಗೋಪುರವನ್ನು ಸಂಗ್ರಹಕಾರರ ಸೆಟ್‌ನಲ್ಲಿ ಮತ್ತೆ ಅಚ್ಚು ಹಾಕಿದರು. ಅದು ನಕಲಿ ಅಲ್ಲ, ಆದರೆ 2009ರದ್ದೂ ಅಲ್ಲ. ರಾಣಿಯ ಮುಖ ನೋಡಿದರೆ ಗೊತ್ತಾಗುತ್ತದೆ. 2009ರ ಮುಖ ಇಯಾನ್ ರ‍್ಯಾಂಕ್-ಬ್ರಾಡ್ಲಿ ಅವರು ಮಾಡಿದ್ದು, ಕತ್ತಿನ ಕೆಳಗೆ ಐ ಆರ್ ಬಿ ಎಂಬ ಅಕ್ಷರಗಳಿವೆ. 2019ರದ್ದು ಜೋಡಿ ಕ್ಲಾರ್ಕ್ ಅವರದು, ಅಲ್ಲಿ ಜೆ ಸಿ.

ಗಣಿತದ ಮೇಷ್ಟ್ರು:

ತಂಗಿ, ಆ ಫುಟ್‌ಬಾಲ್ ನಾಣ್ಯವನ್ನು ಬೇರೆಯಾಗಿ ತೆಗೆದಿಡಿ! 2012ರ ಲಂಡನ್ ಒಲಿಂಪಿಕ್ಸ್‌ಗೆ ಬಂದ 29 ಚಿತ್ರಗಳಲ್ಲಿ ಅದೂ ಒಂದು. ನಾಣ್ಯದ ಮೇಲಿರುವ ಇಸವಿ 2011. ಮಾಡಿದವರು ನೀಲ್ ವುಲ್ಫ್‌ಸನ್. ಆಟಗಾರ ಎಲ್ಲಿ ನಿಂತರೆ ಆಫ್‌ಸೈಡ್, ಎಲ್ಲಿ ನಿಂತರೆ ಅಲ್ಲ ಅನ್ನುವುದನ್ನು ಆ ನಕ್ಷೆಯಲ್ಲೇ ವಿವರಿಸಿದ್ದಾರೆ. ನಿಯಮ ಕಲಿಸುವ ನಾಣ್ಯ! ಮಗನಿಗೆ ಅದನ್ನೇ ತೋರಿಸಿ ಹೇಳಿಕೊಡಿ.

ಮಲ್ಲೇಶ್ವರದ ನಾಣ್ಯಪ್ರಿಯ:

ಅದು 11,25,500 ಅಚ್ಚಾಗಿದೆ. ಕ್ಯೂ ನಾಣ್ಯದ ಐದು ಪಟ್ಟಿಗಿಂತ ಜಾಸ್ತಿ. ಆದರೂ ಒಲಿಂಪಿಕ್ ಸಾಲಿನಲ್ಲಿ ಸಂಗ್ರಹಕಾರರು ಹುಡುಕುವ ನಾಣ್ಯಗಳಲ್ಲಿ ಒಂದು. ಲಕ್ಷ ಬರುವುದಿಲ್ಲ, ಮುಖಬೆಲೆಗಿಂತ ಹೆಚ್ಚು ಬಂದೇ ಬರುತ್ತದೆ. ಗುರಾಣಿಯ ತುಂಡು ಕೂಡ ಬಿಸಾಡಬೇಡಿ. 2008ರಿಂದ ಬಂದ ಆ ಸಾಲಿನಲ್ಲಿ 1 ಪೆನ್ನಿಯಿಂದ 50 ಪೆನ್ಸ್‌ವರೆಗೆ ಆರು ನಾಣ್ಯ ಜೋಡಿಸಿದರೆ ಪೂರ್ತಿ ಗುರಾಣಿ ಆಗುತ್ತದೆ. ಚಿಲ್ಲರೆಯಲ್ಲಿ ಉಳಿದ ಐದು ಇವೆಯಾ ನೋಡಿ.

ಹೊಸ ಸದಸ್ಯೆ, ರಾಜಾಜಿನಗರ:

ತುಂಬಾ ಧನ್ಯವಾದ ಎಲ್ಲರಿಗೂ. ಆ ನಂಬರ್ ಬಗ್ಗೆ ದೂರು ಕೊಟ್ಟೆ. ಗುರಾಣಿಯಲ್ಲಿ ನಾಲ್ಕು ಸಿಕ್ಕಿವೆ, 2 ಪೆನ್ಸ್ ಮತ್ತು 20 ಪೆನ್ಸ್ ಬಾಕಿ. ಅಕ್ಕನಿಗೆ ಹೇಳಿದ್ದೇನೆ. ನಾಣ್ಯಗಳು ಸ್ವಲ್ಪ ಕಪ್ಪಾಗಿವೆ. ಹುಣಸೆಹಣ್ಣು ಹಾಕಿ ಉಜ್ಜಲಾ?

ಬಸವನಗುಡಿಯ ಹಿರಿಯ:

ಬೇಡ ತಾಯಿ! ಹುಣಸೆಹಣ್ಣು, ಸಬೀನಾ, ವಿಭೂತಿ, ಏನೂ ಬೇಡ. ಉಜ್ಜಿದರೆ ಮೇಲಿನ ಪದರ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಜಿಡ್ಡಿದ್ದರೆ ಬರೀ ನೀರಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒರೆಸಿ. ಹಿಡಿಯುವಾಗ ಅಂಚು ಹಿಡಿಯಿರಿ. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಕೆಲವು ವರ್ಷದಲ್ಲಿ ಹಸಿರು ಅಂಟು ಹತ್ತುತ್ತದೆ. ನಾಣ್ಯಕ್ಕೆಂದೇ ಕಿಟಕಿ ಇರುವ ರಟ್ಟಿನ ಹೋಲ್ಡರ್ ಸಿಗುತ್ತದೆ. 27.3 ಮಿಲಿಮೀಟರ್‌ಗೆ ಸ್ವಲ್ಪ ದೊಡ್ಡ ಕಿಟಕಿಯದು ಕೇಳಿ ತೆಗೆದುಕೊಳ್ಳಿ.